ಅರ್ಧ ಅಂಕದ ಲೆಕ್ಕ



ಚದುರಂಗದ ಟೂರ್ನಿಯಲ್ಲಿ ಪ್ರತಿ ಸುತ್ತು ಮುಗಿದ ಮೇಲೆ ಗೋಡೆಗೆ ಒಂದು ಹಾಳೆ ಅಂಟಿಸುತ್ತಾರೆ. ಗೆದ್ದವರ ಹೆಸರಿನ ಮುಂದೆ ಒಂದು, ಸೋತವರ ಮುಂದೆ ಸೊನ್ನೆ, ಡ್ರಾ ಮಾಡಿಕೊಂಡ ಇಬ್ಬರ ಮುಂದೂ ಅರ್ಧ. ಆರ್ಬಿಟರ್ ಆಗಿ, ಅಂದರೆ ಆಟದ ತೀರ್ಪುಗಾರನಾಗಿ, ಇಂಥ ಹಾಳೆಗಳನ್ನು ಬಹಳ ಅಂಟಿಸಿದವನು ನಾನು. ಆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಲಿಷ್ಠರು ಕೂತಿರುವ ಮೊದಲ ಕೆಲವು ಬೋರ್ಡುಗಳಲ್ಲಿ ಅರ್ಧಗಳು ಧಾರಾಳವಾಗಿರುತ್ತವೆ. ಕೆಳಗಿಳಿದಂತೆಲ್ಲ ಅವು ವಿರಳವಾಗಿ, ಬರೀ ಒಂದು ಮತ್ತು ಸೊನ್ನೆಗಳೇ ಉಳಿಯುತ್ತವೆ.

ಕಾರಣ ಊಹಿಸುವುದು ಕಷ್ಟವಲ್ಲ. ಚದುರಂಗದಲ್ಲಿ ಇಬ್ಬರೂ ಸರಿಯಾಗಿ ಆಡಿದರೆ ಆಟ ಡ್ರಾ ಆಗುತ್ತದೆ ಎಂದು ಬಲ್ಲವರೆಲ್ಲ ನಂಬುತ್ತಾರೆ. ದೊಡ್ಡ ಆಟಗಾರರು ಬಹುಮಟ್ಟಿಗೆ ಸರಿಯಾಗಿಯೇ ಆಡುತ್ತಾರೆ, ಹಾಗಾಗಿ ಅವರಿಗೆ ಡ್ರಾ ಎನ್ನುವುದು ನಡೆದ ದಾರಿಯಲ್ಲೇ ಸಿಗುವ ಫಲಿತಾಂಶ. ನಮ್ಮ ನಿಮ್ಮಂಥವರ ಕತೆ ಬೇರೆ. ಹಗಲೆಲ್ಲ ಕಚೇರಿಯಲ್ಲೋ ಕಾಲೇಜಿನಲ್ಲೋ ಇದ್ದು, ಸಂಜೆ ಕ್ಲಬ್ಬಿನಲ್ಲಿ ಆಡಿ, ರಜೆ ಸಿಕ್ಕಾಗ ಟೂರ್ನಿಗೆ ಹೋಗುವ ಆಟಗಾರ ತಪ್ಪು ಮಾಡಿಯೇ ಮಾಡುತ್ತಾನೆ. ತಪ್ಪಾದ ಕೂಡಲೆ ತಕ್ಕಡಿ ಒಂದು ಕಡೆ ವಾಲುತ್ತದೆ. ವಾಲಿದ ತಕ್ಕಡಿ ತಾನಾಗಿ ಮತ್ತೆ ಸಮವಾಗುವುದಿಲ್ಲ, ಯಾರಾದರೂ ಅದನ್ನು ಎತ್ತಿ ನಿಲ್ಲಿಸಬೇಕು. ಆದ್ದರಿಂದ ಕ್ಲಬ್ ಮಟ್ಟದ ಆಟವೊಂದು ಹೋರಾಡಿ ಡ್ರಾ ಆಗಿದೆ ಎಂದರೆ ಅದಕ್ಕೊಂದು ಕಾರಣವಿರುತ್ತದೆ, ಆ ಕಾರಣವನ್ನು ಬೆರಳಿಟ್ಟು ತೋರಿಸಬಹುದು. ಅಂಥ ಒಂದು ಆಟವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಮನೆಯಲ್ಲಿ ಚದುರಂಗದ ಬೋರ್ಡ್ ಇದ್ದವರು ಎದುರಿಗಿಟ್ಟುಕೊಳ್ಳಿ. ಇಲ್ಲದಿದ್ದರೂ ತೊಂದರೆಯಿಲ್ಲ. ನಾನು ಹೇಳಹೊರಟಿರುವ ಘಟ್ಟದಲ್ಲಿ ಬೋರ್ಡಿನ ಮೇಲೆ ಉಳಿಯುವುದು ಐದೇ ಕಾಯಿ, ಆಮೇಲೆ ಮೂರೇ.

ಆಡಿದವರು ಯಾರು ಎಂದರೆ, ಬಿಳಿ ಕಾಯಿ ಹಿಡಿದವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಕಪ್ಪು ಕಾಯಿ ಹಿಡಿದವಳು ಪಿಯುಸಿ ಓದುತ್ತಿದ್ದ ಹುಡುಗಿ. ಅವರ ರೇಟಿಂಗ್ 1600ರ ಆಸುಪಾಸು, ಅವಳದು 1450ರ ಆಸುಪಾಸು. ಈ ಅಂಕಿಗಳ ಅರ್ಥ ತಿಳಿಯಲು ಮೇಲು ಕೆಳಗಿನ ಗಡಿ ಹೇಳಿಬಿಡುತ್ತೇನೆ. ಫಿಡೆ ಎಂದು ಕರೆಯುವ ವಿಶ್ವ ಚದುರಂಗ ಸಂಸ್ಥೆ 2024ರ ಮಾರ್ಚಿನಿಂದ 1400ಕ್ಕಿಂತ ಕೆಳಗಿನ ರೇಟಿಂಗನ್ನು ಪಟ್ಟಿಯಲ್ಲಿ ಇಟ್ಟುಕೊಂಡಿಲ್ಲ. ಮೇಲಿನ ತುದಿಯಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ 2014ರಲ್ಲಿ ಮುಟ್ಟಿದ 2882 ಇದೆ. ಗ್ರ್ಯಾಂಡ್‌ಮಾಸ್ಟರ್ ಆಗಲು 2500 ಮುಟ್ಟಬೇಕು. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅವರ ಮೂಲಕ. ಆ ಎತ್ತರದಿಂದ ನೋಡಿದರೆ ನಮ್ಮ ಇಬ್ಬರು ತಪ್ಪಲಿನಲ್ಲಿ ನಿಂತವರು. ಆದರೆ ಟೂರ್ನಿಗಳಲ್ಲಿ ಮೇಜುಗಳು ತುಂಬುವುದು ಇಂಥವರಿಂದಲೇ.

ಇಬ್ಬರಿಗೂ ತಲಾ ಒಂದೂವರೆ ಗಂಟೆ, ಜೊತೆಗೆ ಆಡಿದ ಪ್ರತಿ ನಡೆಗೆ 30 ಸೆಕೆಂಡು ಸೇರಿಕೆ. ಹಿರಿಯರು ಲಂಡನ್ ಸಿಸ್ಟಮ್ ಎಂಬ ಆರಂಭ ಹಿಡಿದರು. ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ, ಒಂಟೆಯನ್ನು ಬೇಗ ಹೊರತಂದು, ಕೋಟೆ ಕಟ್ಟಿ ಕೂರುವ ವಿಧಾನ ಅದು. ಹೆಚ್ಚು ಬಾಯಿಪಾಠ ಬೇಡ, ಹಾಗಾಗಿ ಕ್ಲಬ್ ಆಟಗಾರರಿಗೆ ಅಚ್ಚುಮೆಚ್ಚು. ಇಪ್ಪತ್ತು ನಡೆಯವರೆಗೆ ಯಾರೂ ಯಾರನ್ನೂ ಮುಟ್ಟಲಿಲ್ಲ. ಆಮೇಲೆ ಅವರ ಕುದುರೆ ಒಂದೇ ಜಿಗಿತಕ್ಕೆ ಅವಳ ಆನೆಗೂ ಒಂದು ಕಾಲಾಳಿಗೂ ಗುರಿಯಿಡುವ ಮನೆಗೆ ಬಂದು ಕೂತಿತು. ಅವಳು ಆನೆಯನ್ನು ಸರಿಸಿದಳು. ಕಾಲಾಳು ಹೋಯಿತು.

ಒಂದು ಕಾಲಾಳು ಹೋಯಿತೆಂದರೆ ಆಟ ಹೋಯಿತೆಂದಲ್ಲ. ಆದರೆ ಇನ್ನು ಗೆಲ್ಲುವ ಹಂಬಲ ಬಿಟ್ಟು ಉಳಿಯುವ ದಾರಿ ಹುಡುಕಬೇಕು. ಇಲ್ಲಿ ಹಳಬರು ಹೇಳಿಕೊಡುವ ಸೂತ್ರ ಒಂದಿದೆ: ಹೆಚ್ಚಿರುವವನು ಕಾಯಿಗಳನ್ನು ವಿನಿಮಯ ಮಾಡಿಕೊಳ್ಳಬೇಕು, ಕಡಿಮೆ ಇರುವವನು ಕಾಲಾಳುಗಳನ್ನು. ಯಾಕೆಂದರೆ ಕೊನೆಗೆ ಗೆಲುವು ತರುವುದು ರಾಣಿಯಾಗಿ ಬಡ್ತಿ ಪಡೆಯುವ ಕಾಲಾಳೇ. ಬೋರ್ಡಿನ ಮೇಲೆ ಕಾಲಾಳುಗಳು ಕಡಿಮೆಯಾದಷ್ಟೂ ಹಿಂದೆ ಬಿದ್ದವನಿಗೆ ಉಸಿರು. ಹುಡುಗಿ ಇದನ್ನು ಬಲ್ಲವಳು. ಸಿಕ್ಕ ಸಿಕ್ಕ ಕಡೆ ಕಾಲಾಳಿಗೆ ಕಾಲಾಳು ಕೊಟ್ಟಳು. ಹಿರಿಯರು ರಾಣಿಯನ್ನೂ ಕುದುರೆ ಒಂಟೆಗಳನ್ನೂ ವಿನಿಮಯ ಮಾಡಿಕೊಂಡರು. ಇಬ್ಬರೂ ತಂತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಆಡಿದರು. ಫಲವಾಗಿ ತಲಾ ಒಂದೊಂದು ಆನೆ, ಒಂದೇ ಪಕ್ಕದಲ್ಲಿ ಬಿಳಿಗೆ ನಾಲ್ಕು ಕಾಲಾಳು, ಕಪ್ಪಿಗೆ ಮೂರು ಉಳಿದವು.

ಆನೆಗಳ ಅಂತ್ಯದಾಟವೆಲ್ಲ ಡ್ರಾ ಎಂದು ಆಟಗಾರರು ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ ಹೇಳಿಕೊಳ್ಳುವುದುಂಟು. ಕಾಲಾಳುಗಳೆಲ್ಲ ಒಂದೇ ಪಕ್ಕದಲ್ಲಿದ್ದು ನಾಲ್ಕಕ್ಕೆ ಮೂರು ಎಂದಿದ್ದರೆ, ಸಾಮಾನ್ಯವಾಗಿ ಅದು ಡ್ರಾ ಆಗಬೇಕಾದ ಸ್ಥಿತಿಯೇ. ಹುಡುಗಿ ಒಂದು ನಡೆ ಆಡಿ, ಗಡಿಯಾರ ಒತ್ತುವ ಮುಂಚೆ ಕೇಳಿದಳು: "ಡ್ರಾ ಮಾಡ್ಕೊಳ್ಳೋಣ್ವಾ ಸರ್?" ಅವರು ಕನ್ನಡಕ ಸರಿಮಾಡಿಕೊಂಡು, "ಇನ್ನೂ ಸ್ವಲ್ಪ ಆಡೋಣಮ್ಮ" ಎಂದರು.

ಕೇಳಿದ ರೀತಿ ಸರಿಯಾಗಿತ್ತು. ಮೊದಲು ಕಾಯಿ ನಡೆಸಬೇಕು, ಆಮೇಲೆ ಡ್ರಾ ಕೇಳಬೇಕು, ಆಮೇಲೆ ಗಡಿಯಾರ ಒತ್ತಬೇಕು. ಕೇಳಿದ್ದಕ್ಕೆ ಗುರುತಾಗಿ ಸ್ಕೋರ್ ಶೀಟಿನಲ್ಲಿ ಆ ನಡೆಯ ಪಕ್ಕ ಕಂಸದೊಳಗೆ ಸಮ ಚಿಹ್ನೆ ಹಾಕಬೇಕು. ಎದುರಾಳಿ ಬಾಯಿಬಿಟ್ಟು ಬೇಡವೆನ್ನಬಹುದು, ಅಥವಾ ಸುಮ್ಮನೆ ತನ್ನ ಕಾಯಿ ಮುಟ್ಟಿ ಆಡಿದರೂ ಬೇಡವೆಂದೇ ಅರ್ಥ. ಅವನು ಯೋಚಿಸುತ್ತಿರುವಾಗ ಕೇಳುವುದು, ಎರಡು ನಡೆಗೊಮ್ಮೆ ಕೇಳುತ್ತಲೇ ಇರುವುದು ಎದುರಾಳಿಗೆ ಕಿರುಕುಳ ಕೊಟ್ಟ ಹಾಗೆ. ಅಂಥ ಕಡೆ ಆರ್ಬಿಟರ್ ಬಂದು ಎಚ್ಚರಿಕೆ ಕೊಡುತ್ತಾನೆ. ಹುಡುಗಿ ಮತ್ತೆ ಕೇಳಲಿಲ್ಲ.

ಹಿರಿಯರು ಬೇಡವೆಂದದ್ದೂ ಸರಿಯೇ. ಪುಸ್ತಕದಲ್ಲಿ ಡ್ರಾ ಎಂದು ಬರೆದಿರುವ ಸ್ಥಿತಿಯನ್ನು ಎದುರಿಗೆ ಕೂತವಳು ಬೋರ್ಡಿನ ಮೇಲೆ ಡ್ರಾ ಮಾಡಿ ತೋರಿಸಬೇಕಲ್ಲ. 1450ರ ಆಟಗಾರ್ತಿಗೆ ಅದು ಬರುತ್ತದೆಯೋ ಇಲ್ಲವೋ ಪರೀಕ್ಷಿಸುವ ಹಕ್ಕು ಮುಂದಿರುವವರಿಗೆ ಇದ್ದೇ ಇದೆ.

ಪರೀಕ್ಷೆ ಶುರುವಾಯಿತು. ಮೂರು ಜೊತೆ ಕಾಲಾಳುಗಳು ಒಂದೊಂದಾಗಿ ಕಳಚಿಕೊಂಡವು. ಕೊನೆಗೆ ಉಳಿದ ಐದು ಕಾಯಿಗಳ ಚಿತ್ರ ಹೀಗಿದೆ (ಮನೆಯ ಹೆಸರಿನಲ್ಲಿ ಅಕ್ಷರ ಉದ್ದಸಾಲಿನದು, ಅಂಕಿ ಅಡ್ಡಸಾಲಿನದು). ಬಿಳಿ ರಾಜ ಡಿ5ರಲ್ಲಿ, ಬಿಳಿ ಕಾಲಾಳು ಅದರ ಪಕ್ಕ ಇ5ರಲ್ಲಿ, ಬಿಳಿ ಆನೆ ಎಚ್7ರಲ್ಲಿ. ಕಪ್ಪು ರಾಜ ಇ8ರಲ್ಲಿ, ಅಂದರೆ ಆ ಕಾಲಾಳು ಹೋಗಿ ಸೇರಬೇಕಾದ ಕೊನೆಯ ಮನೆಯಲ್ಲೇ ನಿಂತಿದೆ. ಕಪ್ಪು ಆನೆ ಎಡ ಅಂಚಿನ ಎ6ರಲ್ಲಿ.

ನೋಡುವವರಿಗೆ ಎ6ರ ಆನೆ ಏನೂ ಕೆಲಸವಿಲ್ಲದೆ ಮೂಲೆಯಲ್ಲಿ ನಿಂತ ಹಾಗೆ ಕಾಣುತ್ತದೆ. ಅಸಲು ಕೆಲಸ ಮಾಡುತ್ತಿರುವುದು ಅದೇ. ಆರನೆಯ ಅಡ್ಡಸಾಲಿಗೆ ಅದು ಕಾವಲು. ಬಿಳಿ ರಾಜ ಮುಂದೆ ಬಂದು ಕಪ್ಪು ರಾಜನ ಎದುರಿಗೆ ನಿಂತು ಬೆದರಿಸಬೇಕಾದರೆ ಆ ಸಾಲಿಗೆ ಕಾಲಿಡಲೇಬೇಕು. ಆನೆ ಅಲ್ಲಿರುವವರೆಗೆ ಕಾಲಿಡುವಂತಿಲ್ಲ. ರಾಜನಿಗೆ ದಾರಿ ಇಲ್ಲದಿದ್ದರೆ ಕಾಲಾಳನ್ನೇ ನೂಕಬಹುದಲ್ಲ ಎನ್ನುತ್ತೀರಿ. ನೂಕಲಿ. ಕಾಲಾಳು ಇ6ಕ್ಕೆ ಬಂದ ಕ್ಷಣ ಕಪ್ಪು ಆನೆ ಎ6 ಬಿಟ್ಟು ಸರ್ರನೆ ಎ1ಕ್ಕೆ, ಬೋರ್ಡಿನ ಆಚೆ ತುದಿಗೆ ಹೋಗುತ್ತದೆ. ಬಿಳಿ ರಾಜ ಡಿ6ಕ್ಕೆ ಏರಿ ಆನೆಯಿಂದ ಕೊನೆಯ ಏಟು ಕೊಡುವ ಬೆದರಿಕೆ ಹಾಕಿದರೆ, ಹಿಂದಿನಿಂದ ಚೆಕ್. ರಾಜ ಇ5ಕ್ಕೆ ಬಂದರೆ ಅಲ್ಲೂ ಚೆಕ್. ಎಫ್6ಕ್ಕೆ ಹೋದರೆ ಅಲ್ಲೂ ಚೆಕ್. ಕಾಲಾಳು ಇ5ರಲ್ಲೇ ಇದ್ದಿದ್ದರೆ ಅದರ ಮುಂದಿನ ಇ6 ರಾಜನಿಗೆ ಅಡಗುವ ಜಾಗವಾಗುತ್ತಿತ್ತು. ಈಗ ಆ ಜಾಗದಲ್ಲಿ ಕಾಲಾಳೇ ಕೂತಿದೆ. ಬಟ್ಟಬಯಲಲ್ಲಿ ಮಳೆಗೆ ಸಿಕ್ಕವನ ಹಾಗೆ ರಾಜ ಎತ್ತ ಓಡಿದರೂ ನೆನೆಯುತ್ತಾನೆ.

ಹಾಗಾಗಿ ರಕ್ಷಣೆಯ ಗುಟ್ಟು ಇಷ್ಟೆ: ಕಾಲಾಳು ಕಾಯುತ್ತಿರುವವರೆಗೆ ಆರನೆಯ ಸಾಲಿನಲ್ಲಿ ಅತ್ತಿತ್ತ ಓಡಾಡಿಕೊಂಡಿರಬೇಕು, ಅದು ಆರಕ್ಕೆ ಕಾಲಿಟ್ಟ ಕೂಡಲೆ ಹಿಂದಿನ ತುದಿಗೆ ಇಳಿಯಬೇಕು. ಗುಟ್ಟು ಗೊತ್ತಿಲ್ಲದವರು ಹೆದರಿ ಆನೆಯನ್ನು ರಾಜನ ಪಕ್ಕ ಎಂಟನೆಯ ಸಾಲಿಗೇ ತಂದು ಕಟ್ಟಿಹಾಕುತ್ತಾರೆ. ಅಂಚಿನ ಕಾಲಾಳಾಗಿದ್ದರೆ, ಅದರ ಪಕ್ಕದ್ದಾಗಿದ್ದರೆ, ಹಾಗೆ ಮಾಡಿಯೂ ಬದುಕಬಹುದು. ನಡುವಿನ ಕಾಲಾಳಾಗಿದ್ದರೆ ಬಿಳಿ ರಾಜ ಆರನೆಯ ಸಾಲಿಗೆ ಬಂದು ನಿಂತ ಮೇಲೆ ಸೋಲು ಖಾತ್ರಿ.

ಈ ರಕ್ಷಣೆಯನ್ನು ಬರೆದಿಟ್ಟವನು ಫ್ರಾನ್ಸಿನ ಫಿಲಿಡೋರ್. 1726ರಲ್ಲಿ ಹುಟ್ಟಿದವನು. ವೃತ್ತಿಯಿಂದ ಸಂಗೀತಗಾರ, ಪ್ಯಾರಿಸಿನ ರಂಗಭೂಮಿಗೆ ಆಪೆರಾಗಳನ್ನು ರಚಿಸಿದವನು. ಚದುರಂಗದಲ್ಲಿ ಅವನ ಕಾಲಕ್ಕೆ ಅವನೇ ಮೊದಲಿಗ. ಬೋರ್ಡ್ ನೋಡದೆ ಏಕಕಾಲಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಯ ಜೊತೆ ಆಡಿ ಜನರನ್ನು ಬೆರಗುಗೊಳಿಸುತ್ತಿದ್ದ. 1749ರಲ್ಲಿ ಮೊದಲು ಹೊರಬಂದ ಅವನ ಪುಸ್ತಕದ 1777ರ ಆವೃತ್ತಿಯಲ್ಲಿ ಈ ಆನೆಯ ಪಾಠ ಸೇರಿತು. ಮೂರನೆಯ ಸಾಲಿನ ರಕ್ಷಣೆ ಎಂದೂ ಇದಕ್ಕೆ ಹೆಸರು, ಯಾಕೆಂದರೆ ರಕ್ಷಿಸುವವರ ಕಡೆಯಿಂದ ಎಣಿಸಿದರೆ ಆ ಸಾಲು ಮೂರನೆಯದು. ಪಾಠಕ್ಕೆ ಎರಡು ಶತಮಾನ ದಾಟಿದೆ. ಇಂದಿನ ಕಂಪ್ಯೂಟರುಗಳು ಏಳು ಕಾಯಿಗಳವರೆಗಿನ ಪ್ರತಿಯೊಂದು ಸ್ಥಿತಿಯನ್ನೂ ಕೊನೆ ಮುಟ್ಟಿ ಬಿಡಿಸಿಟ್ಟಿವೆ, ಫಿಲಿಡೋರನ ಈ ತೀರ್ಪಿನಲ್ಲಿ ಮಾತ್ರ ಯಾವ ಬದಲಾವಣೆಯೂ ಆಗಿಲ್ಲ.

ಹುಡುಗಿಗೆ ಇದು ಗೊತ್ತಿತ್ತು. ಎ6ರಿಂದ ಬಿ6, ಬಿ6ರಿಂದ ಎ6, ಅಷ್ಟೇ. ಅವರು ಆನೆಯನ್ನು ಆ ಮೂಲೆಗೆ ಈ ಮೂಲೆಗೆ ಒಯ್ದು ನೋಡಿದರು, ಚೆಕ್ ಕೊಟ್ಟು ನೋಡಿದರು, ಮತ್ತೆ ಅಲ್ಲಿಗೇ ಬಂದರು. ಅವಳ ಗಡಿಯಾರದಲ್ಲಿ ಎರಡು ನಿಮಿಷವೂ ಇರಲಿಲ್ಲ. ಆದರೆ ನಡೆ ಆಡಿದರೆ 30 ಸೆಕೆಂಡು ಸೇರುತ್ತಿತ್ತು, ಆಡಲು ಐದು ಸೆಕೆಂಡು ಸಾಕಿತ್ತು. ಹಾಗಾಗಿ ಅವಳ ಸಮಯ ಕರಗುವ ಬದಲು ಬೆಳೆಯತೊಡಗಿತು.

ಇಂಥ ಹೊತ್ತಿನಲ್ಲಿ ಆರ್ಬಿಟರ್ ಆದವನು ಮೇಜಿನ ಪಕ್ಕ ಬಂದು ನಿಲ್ಲುತ್ತಾನೆ, ಬಾಯಿ ಬಿಡುವುದಿಲ್ಲ. ಡ್ರಾ ಕೇಳಿ ಪಡೆಯಲು ನಿಯಮದಲ್ಲಿ ಎರಡು ದಾರಿಗಳಿವೆ. ಒಂದೇ ಸ್ಥಿತಿ, ಆಡುವ ಸರದಿಯೂ ಅದೇ ಇದ್ದು, ಮೂರು ಸಲ ಬಂದರೆ ಡ್ರಾ ಕೇಳಬಹುದು. ಕಾಲಾಳು ನಡೆಯದೆ, ಯಾವ ಕಾಯಿಯೂ ಹೊಡೆತಕ್ಕೆ ಸಿಗದೆ ಇಬ್ಬರೂ ಐವತ್ತೈವತ್ತು ನಡೆ ಆಡಿದರೂ ಕೇಳಬಹುದು. ಮೂರನೆಯ ಸಲದ ವಿಷಯದಲ್ಲಿ ಹೊಸಬರು ಎಡವುವುದು ಎಲ್ಲಿ ಎಂದರೆ, ನಡೆಯನ್ನು ಆಡಿ, ಗಡಿಯಾರ ಒತ್ತಿ, ಆಮೇಲೆ ಕೈ ಎತ್ತುತ್ತಾರೆ. ಆಗ ಹಕ್ಕು ದಾಟಿಹೋಗಿರುತ್ತದೆ. ಆಡಬೇಕೆಂದಿರುವ ನಡೆಯನ್ನು ಹಾಳೆಯ ಮೇಲೆ ಬರೆದು, ಕಾಯಿಯನ್ನು ಮುಟ್ಟದೆ, ಗಡಿಯಾರ ನಿಲ್ಲಿಸಿ ಆರ್ಬಿಟರನ್ನು ಕರೆಯಬೇಕು. ಕೇಳಿದ್ದು ಸುಳ್ಳಾದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಕೊಡುತ್ತಾರೆ. ಯಾರೂ ಕೇಳದೆ ಹೋದರೆ ಆಟ ಕೊನೆಯಿಲ್ಲದೆ ಎಳೆಯಬಾರದಲ್ಲ, ಅದಕ್ಕೂ ಮಿತಿ ಇದೆ. ಅದೇ ಸ್ಥಿತಿ ಐದು ಸಲ ಬಂದರೆ, ಅಥವಾ ಹೀಗೆ ತಲಾ 75 ನಡೆ ಕಳೆದರೆ, ಆರ್ಬಿಟರ್ ತಾನೇ ಆಟ ನಿಲ್ಲಿಸುತ್ತಾನೆ.

ಹಿರಿಯರು ಅಲ್ಲಿಯವರೆಗೆ ಕಾಯಲಿಲ್ಲ. ಅವರಿಗೊಂದು ಹೊಸ ಆಸೆ ಹುಟ್ಟಿತು: ಆನೆಗಳನ್ನೇ ತೆಗೆದುಬಿಟ್ಟರೆ? ಕಪ್ಪು ಆನೆ ಬಿ6ರಲ್ಲಿದ್ದಾಗ ತಮ್ಮ ಆನೆಯನ್ನು ಸಿ6ಕ್ಕೆ, ರಾಜನ ರಕ್ಷಣೆಯಲ್ಲಿ, ತಂದಿಟ್ಟರು. ಅವಳು ಹೊಡೆದಳು, ಅವರು ರಾಜನಿಂದ ಹೊಡೆದರು. ಈಗ ಮೂರೇ ಕಾಯಿ. ಎರಡು ರಾಜರು ಮತ್ತು ಇ5ರ ಆ ಒಂದು ಕಾಲಾಳು.

ಆಸೆ ಪೂರ್ತಿ ಪೊಳ್ಳಾಗಿರಲಿಲ್ಲ. ಮೂರು ಕಾಯಿಗಳ ಆಟ ಮಕ್ಕಳಾಟದಂತೆ ಕಂಡರೂ ಅರ್ಧ ಹೆಜ್ಜೆಯ ಅಂತರದಲ್ಲಿ ಫಲಿತಾಂಶ ಬದಲಾಗುತ್ತದೆ. ಅವಳು ರಾಜನನ್ನು ಇ7ಕ್ಕೆ ತಂದಳು. ಅವರ ರಾಜ ಸಿ6ರಿಂದ ಡಿ5ಕ್ಕೆ ಮರಳಿತು. ಅವಳ ರಾಜ ಡಿ7ಕ್ಕೆ ಬಂದು ಎದುರುಬದುರು ನಿಂತಿತು. ಅವರು ಕಾಲಾಳನ್ನು ಇ6ಕ್ಕೆ ನೂಕಿ ಚೆಕ್ ಕೊಟ್ಟರು. ಅವಳು ಇ7ಕ್ಕೆ ಬಂದು ಕಾಲಾಳಿಗೆ ಎದೆಕೊಟ್ಟಳು. ಅವರು ರಾಜನನ್ನು ಕಾಲಾಳಿನ ಬೆನ್ನಿಗೆ, ಇ5ಕ್ಕೆ ತಂದರು.

ಈಗ ಅವಳ ಸರದಿ. ಮುಂದೆ ಹೋಗುವ ಹಾಗಿಲ್ಲ, ಪಕ್ಕಕ್ಕೂ ಹೋಗುವ ಹಾಗಿಲ್ಲ, ಎಲ್ಲ ಮನೆಗಳ ಮೇಲೂ ಬಿಳಿಯ ಹಿಡಿತ. ಹಿಂದಕ್ಕೆ ಮಾತ್ರ ಮೂರು ಮನೆ: ಡಿ8, ಇ8, ಎಫ್8. ಮೂರರಲ್ಲಿ ಎರಡು ಸೋಲು, ಒಂದು ಡ್ರಾ.

ಡಿ8ಕ್ಕೆ ಹೋದರೆ ಏನಾಗುತ್ತದೆ ನೋಡಿ. ಬಿಳಿ ರಾಜ ಡಿ6ಕ್ಕೆ ಬಂದು ಎದುರಿಗೆ ನಿಲ್ಲುತ್ತದೆ. ಕಪ್ಪು ರಾಜ ಇ8ಕ್ಕೆ ಸರಿಯಬೇಕು. ಕಾಲಾಳು ಇ7ಕ್ಕೆ ನುಗ್ಗುತ್ತದೆ. ಕಪ್ಪು ರಾಜ ಎಫ್7ಕ್ಕೆ ಹೋಗದೆ ವಿಧಿಯಿಲ್ಲ. ಬಿಳಿ ರಾಜ ಡಿ7ಕ್ಕೆ ಬಂದರೆ ಮುಂದಿನ ನಡೆಗೆ ಹೊಸ ರಾಣಿ. ಎಫ್8ಕ್ಕೆ ಹೋದರೂ ಇದೇ ಕತೆ, ಕನ್ನಡಿಯಲ್ಲಿ ಕಂಡಂತೆ ಬಲಕ್ಕೆ ನಡೆಯುತ್ತದೆ ಅಷ್ಟೆ. ಇ8ಕ್ಕೆ, ನೇರ ಹಿಂದಕ್ಕೆ, ಹೋದರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಬಿಳಿ ರಾಜ ಡಿ6ಕ್ಕೆ ಬಂದರೆ ಕಪ್ಪು ರಾಜ ಡಿ8ಕ್ಕೆ, ಎಫ್6ಕ್ಕೆ ಬಂದರೆ ಎಫ್8ಕ್ಕೆ. ಎರಡರಲ್ಲೂ ಎದುರುಬದುರಾಗುವ ಕೊನೆಯ ಹೆಜ್ಜೆ ಕಪ್ಪಿನದೇ.

ಅವಳು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು ಪೂರಾ ಒಂದು ನಿಮಿಷ ಯೋಚಿಸಿದಳು. ಮುಟ್ಟಿದ ಕಾಯಿಯನ್ನು ಆಡಲೇಬೇಕೆಂಬ ನಿಯಮ ಇಲ್ಲಿ ಅಡ್ಡಬರುವುದಿಲ್ಲ, ಇರುವುದೇ ಒಂದು ಕಾಯಿ. ಆದರೆ ಒಂದು ಮನೆಯ ಮೇಲಿಟ್ಟು ಕೈಬಿಟ್ಟ ಮೇಲೆ ವಾಪಸು ತೆಗೆಯುವಂತಿಲ್ಲ. ಆಮೇಲೆ ರಾಜನನ್ನು ಎತ್ತಿ ನೇರ ಹಿಂದಕ್ಕೆ ಇ8ರಲ್ಲಿಟ್ಟಳು. ಹಿರಿಯರು ಡಿ6ಕ್ಕೆ ಬಂದರು, ಅವಳು ಡಿ8ಕ್ಕೆ. ಕಾಲಾಳು ಇ7ಕ್ಕೆ ಬಂದು ಚೆಕ್ ಕೊಟ್ಟಿತು, ಅವಳು ಇ8ಕ್ಕೆ. ಇನ್ನು ಕಾಲಾಳನ್ನು ಬಿಟ್ಟುಕೊಡಬೇಕು, ಇಲ್ಲವೇ ಇ6ಕ್ಕೆ ಬಂದು ಅದನ್ನು ಕಾಯಬೇಕು. ಅವರು ಇ6ಕ್ಕೆ ಬಂದರು. 71ನೇ ನಡೆ. ಕಪ್ಪು ರಾಜನಿಗೆ ಚೆಕ್ ಇಲ್ಲ, ಇಡಲು ಮನೆಯೂ ಇಲ್ಲ. ಸ್ಟೇಲ್‌ಮೇಟ್. ಅರ್ಧ, ಅರ್ಧ.

ಸ್ಟೇಲ್‌ಮೇಟ್ ಎಂದರೆ ಡ್ರಾ ಎನ್ನುವುದು ನಮಗೆ ಈಗ ಸಹಜವಾಗಿ ಕಾಣುತ್ತದೆ. ಎಲ್ಲ ಕಾಲದಲ್ಲೂ ಹಾಗಿರಲಿಲ್ಲ. ಇಂಗ್ಲೆಂಡಿನಲ್ಲಿ 17 ಮತ್ತು 18ನೇ ಶತಮಾನಗಳಲ್ಲಿ ಎದುರಾಳಿಯನ್ನು ಹಾಗೆ ಕಟ್ಟಿಹಾಕಿದವನೇ ಸೋತ ಎಂಬ ನಿಯಮವಿತ್ತು. 19ನೇ ಶತಮಾನದ ಮೊದಲ ಭಾಗದಲ್ಲಿ ಅದು ಹೋಗಿ ಡ್ರಾ ಎಂಬ ನಿಯಮ ಬಂತು. ಚೀನೀಯರ ಚದುರಂಗವಾದ ಶಿಯಾಂಗ್‌ಚಿಯಲ್ಲಿ ಇಂದಿಗೂ ನಡೆಯಿಲ್ಲದೆ ಸಿಕ್ಕಿಬಿದ್ದವನೇ ಸೋತವನು. ನಮ್ಮ ಆಟದ ಆ ಕೊನೆಯ ಚಿತ್ರವನ್ನೇ ಹಳೆಯ ಇಂಗ್ಲೆಂಡಿನ ನಿಯಮಕ್ಕೆ ಒಪ್ಪಿಸಿದರೆ ಹುಡುಗಿ ಗೆಲ್ಲುತ್ತಾಳೆ, ಚೀನೀ ನಿಯಮಕ್ಕೆ ಒಪ್ಪಿಸಿದರೆ ಹಿರಿಯರು ಗೆಲ್ಲುತ್ತಾರೆ. ಇವತ್ತಿನ ನಿಯಮ ನಡುವೆ ನಿಂತು ಇಬ್ಬರಿಗೂ ಅರ್ಧರ್ಧ ಹಂಚುತ್ತದೆ.

ಈ ಅರ್ಧ ಅಂಕವೂ ಸುಲಭವಾಗಿ ಬಂದದ್ದಲ್ಲ. 1862ರ ಲಂಡನ್ ಟೂರ್ನಿಯಲ್ಲಿ ಡ್ರಾ ಆದ ಆಟವನ್ನು ಲೆಕ್ಕಕ್ಕೇ ಹಿಡಿಯದೆ ಮತ್ತೆ ಆಡಿಸುತ್ತಿದ್ದರು. 1867ರ ಪ್ಯಾರಿಸ್ ಟೂರ್ನಿಯಲ್ಲಿ ಡ್ರಾ ಮಾಡಿಕೊಂಡ ಇಬ್ಬರಿಗೂ ಸೊನ್ನೆ, ಅಂದರೆ ಇಬ್ಬರೂ ಸೋತ ಲೆಕ್ಕ. 1883ರ ಲಂಡನ್ನಿನಲ್ಲಿ ಎರಡು ಸಲ ಡ್ರಾ ಆದರೆ ಮರು ಆಟ, ಮೂರನೆಯ ಸಲವೂ ಆದರೆ ಮಾತ್ರ ಅರ್ಧ ಅಂಕ. ಸಂಘಟಕರಿಗೆ ಆಗಲೂ ಈಗಲೂ ಒಂದೇ ಅನುಮಾನ: ಇವರು ಆಡಿ ಡ್ರಾ ಮಾಡಿಕೊಂಡರೋ, ಆಡದೆ ಮಾಡಿಕೊಂಡರೋ?

ಅನುಮಾನಕ್ಕೆ ಆಧಾರವಿದೆ. ಕೊನೆಯ ಸುತ್ತಿನಲ್ಲಿ ಅರ್ಧ ಅಂಕ ಸಿಕ್ಕರೆ ಇಬ್ಬರಿಗೂ ಬಹುಮಾನ ಖಾತ್ರಿ ಎಂದಿದ್ದರೆ, ಹತ್ತು ಹನ್ನೆರಡು ನಡೆಗೆ ಕೈ ಕುಲುಕಿ ಎದ್ದು ಕಾಫಿಗೆ ಹೋಗುವವರನ್ನು ನಾನೂ ಕಂಡಿದ್ದೇನೆ. ಇದನ್ನು ತಡೆಯಲೆಂದು 2005ರಲ್ಲಿ ಬಲ್ಗೇರಿಯದ ಸೋಫಿಯಾ ನಗರದ ಟೂರ್ನಿಯೊಂದರಲ್ಲಿ ಆಟಗಾರರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಡ್ರಾ ಮಾಡಿಕೊಳ್ಳುವುದನ್ನೇ ನಿಷೇಧಿಸಿದರು. ಅಂದಿನಿಂದ ಅದು ಸೋಫಿಯಾ ನಿಯಮವೆಂದೇ ಹೆಸರಾಯಿತು. ಹಲವು ಟೂರ್ನಿಗಳಲ್ಲಿ 30 ನಡೆಗೆ ಮುಂಚೆ ಡ್ರಾ ಕೇಳುವಂತಿಲ್ಲ.

ಶಿಖರದಲ್ಲಿರುವವರ ಡ್ರಾಗಳಂತೂ ಬೇರೆಯದೇ ಪ್ರಪಂಚ. 1984ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಕಾರ್ಪೋವ್ ಮತ್ತು ಕಾಸ್ಪರೋವ್ ವಿಶ್ವ ಕಿರೀಟಕ್ಕಾಗಿ ಕೂತರು. ಮೊದಲು ಆರು ಆಟ ಗೆದ್ದವನಿಗೆ ಕಿರೀಟ ಎಂಬುದು ಕರಾರು, ಡ್ರಾಗಳಿಗೆ ಲೆಕ್ಕವಿಲ್ಲ. ಒಂದು ಹಂತದಲ್ಲಿ ಸತತ 17 ಆಟ ಡ್ರಾ ಆದವು. ಐದು ತಿಂಗಳು ಕಳೆದು, 48 ಆಟ ಮುಗಿದು, ಅದರಲ್ಲಿ 40 ಡ್ರಾ ಆಗಿ, ಕಾರ್ಪೋವ್ 5, ಕಾಸ್ಪರೋವ್ 3 ಎಂದಿದ್ದಾಗ, 1985ರ ಫೆಬ್ರವರಿ 15ರಂದು ಫಿಡೆ ಅಧ್ಯಕ್ಷ ಕಾಂಪೊಮನೆಸ್ ಪಂದ್ಯವನ್ನೇ ರದ್ದುಮಾಡಿದರು. 2018ರಲ್ಲಿ ಲಂಡನ್ನಿನಲ್ಲಿ ಕಾರ್ಲ್‌ಸನ್ ಮತ್ತು ಕರುವಾನಾ ಆಡಿದ 12 ಆಟಗಳೂ ಡ್ರಾ. ಕೊನೆಗೆ ವೇಗದ ಆಟ ಇಟ್ಟು, ಮೂರಕ್ಕೆ ಮೂರನ್ನೂ ಗೆದ್ದ ಕಾರ್ಲ್‌ಸನ್ ಕಿರೀಟ ಉಳಿಸಿಕೊಂಡರು. ಟೂರ್ನಿಗಳ ಇತಿಹಾಸದಲ್ಲೇ ಅತಿ ಉದ್ದದ ಆಟವೆಂದು ದಾಖಲಾಗಿರುವುದು 1989ರಲ್ಲಿ ಬೆಲ್‌ಗ್ರೇಡಿನಲ್ಲಿ ನಿಕೋಲಿಚ್ ಮತ್ತು ಅರ್ಸೋವಿಚ್ ಆಡಿದ 269 ನಡೆಗಳ ಆಟ. ಅದೂ ಡ್ರಾ.

ಅಂಥ ಆಟಗಳಲ್ಲಿ ಎಲ್ಲಿ ಯಾರು ಎಡವಿದರು, ಯಾರು ಉಳಿಸಿದರು ಎಂದು ನಮ್ಮಂಥವರು ಹೇಳುವುದು ಕಷ್ಟ. ಎಷ್ಟೋ ಸಲ ಯಾರೂ ಎಡವಿರುವುದೇ ಇಲ್ಲ. ನಮ್ಮ ಇಬ್ಬರ ಆಟದಲ್ಲಿ ಹಾಗಲ್ಲ. ಕುದುರೆಯ ಒಂದು ಜಿಗಿತ, ಆರನೆಯ ಸಾಲಿನ ಒಂದು ಆನೆ, ಮೂರು ಮನೆಗಳಲ್ಲಿ ಸರಿಯಾದ ಒಂದು ಮನೆ, ಇಷ್ಟರಲ್ಲಿ ಇಡೀ ಆಟದ ಲೆಕ್ಕ ಮುಗಿಯುತ್ತದೆ. ಹುಡುಗಿ ಕಳೆದುಕೊಂಡದ್ದು ಮೊದಲನೆಯದರಲ್ಲಿ, ವಾಪಸು ಪಡೆದದ್ದು ಉಳಿದೆರಡರಲ್ಲಿ.

ರೇಟಿಂಗಿನ ಲೆಕ್ಕವೂ ಇದನ್ನು ಗುರುತಿಸುತ್ತದೆ. 150 ಅಂಕ ಮುಂದಿರುವವರು ಸರಾಸರಿ ನೂರಕ್ಕೆ 70ರಷ್ಟು ಅಂಕ ಗಳಿಸಬೇಕೆಂದು ಕೋಷ್ಟಕ ಹೇಳುತ್ತದೆ. ಅವರಿಗೆ ಸಿಕ್ಕಿದ್ದು ನೂರಕ್ಕೆ 50, ಕೊರತೆ ನೂರಕ್ಕೆ 20. ಇದನ್ನು ಆಟಗಾರರ ಗುಣಕದಿಂದ ಗುಣಿಸುತ್ತಾರೆ. ಹದಿನೆಂಟು ತುಂಬದ ಹುಡುಗಿಗೆ ಗುಣಕ 40, ಅವರಿಗೆ 20. ಹಾಗಾಗಿ ಅವಳಿಗೆ 8 ಅಂಕ ಬಂತು, ಅವರಿಗೆ 4 ಹೋಯಿತು. ಗೋಡೆಯ ಹಾಳೆಯಲ್ಲಿ ಇಬ್ಬರದೂ ಅರ್ಧ, ರೇಟಿಂಗ್ ಪಟ್ಟಿಯಲ್ಲಿ ಒಬ್ಬರದು ಲಾಭ, ಒಬ್ಬರದು ನಷ್ಟ.

ನಾಲ್ಕು ಅಂಕ ಕಳೆದುಕೊಂಡವರಿಗೆ ಈ ಆಟದಲ್ಲಿ ಪಾಠವಿಲ್ಲವೇ? ಅವರಿಗೇ ಹೆಚ್ಚು. ಅವರು ಗೆಲುವು ಬಿಟ್ಟದ್ದು ಮೂರು ಕಾಯಿಗಳ ಘಟ್ಟದಲ್ಲಲ್ಲ, ಅಲ್ಲಿ ಬಿಡಲು ಗೆಲುವೇ ಇರಲಿಲ್ಲ. ಐದು ಕಾಯಿಗಳ ಘಟ್ಟದಲ್ಲೂ ಇರಲಿಲ್ಲ. ಬಿಟ್ಟದ್ದು ಬಹಳ ಹಿಂದೆ, ರಾಣಿಯ ಪಕ್ಕದ ಕಾಲಾಳುಗಳೆಲ್ಲ ವಿನಿಮಯವಾಗಿ ಹೋಗಲು ಬಿಟ್ಟಾಗ. ಎರಡೂ ಪಕ್ಕದಲ್ಲಿ ಕಾಲಾಳುಗಳನ್ನು ಉಳಿಸಿಕೊಂಡಿದ್ದರೆ, ಕಪ್ಪು ರಾಜ ಒಂದು ಕಡೆ ಕಾಯುವಾಗ ಇನ್ನೊಂದು ಕಡೆ ನುಗ್ಗಬಹುದಿತ್ತು. ಆಟ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಇಬ್ಬರೂ ಕಾಯಿಗಳನ್ನು ಮತ್ತೆ ಜೋಡಿಸಿಕೊಂಡು ಕೂತಾಗ ಹಿರಿಯರು ಮೊದಲು ಕೇಳಿದ್ದು ಇದನ್ನೇ: "ನಿನ್ನ ಎ ಕಾಲಾಳನ್ನ ನಾನು ಹೊಡೀದೆ ಬಿಟ್ಟಿದ್ರೆ ಏನ್ ಮಾಡ್ತಿದ್ದೆ?" ಹುಡುಗಿ ನಕ್ಕು ಹೇಳಿದಳು, "ಕಷ್ಟ ಇತ್ತು ಸರ್."

ಗೆದ್ದವರು ಆಟವನ್ನು ಹಿಂತಿರುಗಿ ನೋಡುವುದು ಕಡಿಮೆ, ಸೋತವರಿಗೆ ನೋಡುವ ಮನಸ್ಸಿರುವುದಿಲ್ಲ. ಡ್ರಾ ಮಾಡಿಕೊಂಡವರಿಗೆ ಮಾತ್ರ ಇಬ್ಬರಿಗೂ ಕೇಳಿಕೊಳ್ಳಲು ಏನೋ ಒಂದು ಉಳಿದಿರುತ್ತದೆ. ಆದ್ದರಿಂದ ಆಡುವ ಮಕ್ಕಳಿಗೂ ದೊಡ್ಡವರಿಗೂ ನನ್ನದೊಂದು ಸಲಹೆ. ಡ್ರಾ ಆದ ಆಟಗಳ ಸ್ಕೋರ್ ಶೀಟುಗಳನ್ನು ಬೇರೆಯಾಗಿಯೇ ಒಂದು ಫೈಲಿನಲ್ಲಿಡಿ. ಪ್ರತಿಯೊಂದರ ಮೇಲೂ, ಆಟ ಯಾವ ನಡೆಯಲ್ಲಿ ಒಂದು ಕಡೆ ವಾಲಿತು, ಯಾವ ನಡೆಯಲ್ಲಿ ಮತ್ತೆ ಸಮವಾಯಿತು ಎಂದು ಎರಡು ಗುರುತು ಹಾಕಿ. ಫಿಲಿಡೋರನ ಆನೆ ಮತ್ತು ನೇರ ಹಿಂದಕ್ಕೆ ಹೋಗುವ ರಾಜ, ಈ ಎರಡನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಕಲಿತವರಿಗೆ ಮುಂದಿನ ಟೂರ್ನಿಯಲ್ಲಿ ಅರ್ಧ ಅಂಕ ಸಿಗುವುದು ಎಲ್ಲಿಂದ ಎಂದು ಮೊದಲೇ ಗೊತ್ತಿರುತ್ತದೆ, ಆಟದಲ್ಲಿ ಮುಂದಿರುವವರು ಯಾವ ದಾರಿಗೆ ಹೋಗಬಾರದು ಎಂಬುದೂ.